ದಿನವೂ ಪರೀಕ್ಷೆ ಬರೆಯುವ ಕಾರು

ನಮ್ಮ ಮಕ್ಕಳಿಗೆ ವರ್ಷಕ್ಕೆ ಎರಡೋ ಮೂರೋ ಪರೀಕ್ಷೆ. ಮನೆಯ ಮುಂದೆ ನಿಂತ ಕಾರಿಗೆ ಪ್ರತಿ ಪಯಣಕ್ಕೂ ಒಂದು ಪರೀಕ್ಷೆ. ಪ್ರಶ್ನೆ ಕೇಳುವುದೂ ಅದೇ, ಉತ್ತರ ಬರೆಯುವುದೂ ಅದೇ, ಅಂಕ ಹಾಕುವುದೂ ಅದೇ! ವಾಹನದೊಳಗಿನ ಪುಟ್ಟ ಗಣಕ ತನ್ನ ನೆನಪಿನ ಶಕ್ತಿಯನ್ನು ತಾನೇ ಒರೆಗೆ ಹಚ್ಚಿ ನೋಡಿಕೊಳ್ಳುವ ಸ್ವಾರಸ್ಯದ ಕತೆ ಇಲ್ಲಿದೆ.

ಕಾರಿನ ಕೀಲಿಯನ್ನು ಅರ್ಧ ತಿರುಗಿಸಿ, ಎಂಜಿನ್ ಚಾಲೂ ಮಾಡುವ ಮುನ್ನ ಒಂದು ಕ್ಷಣ ತಡೆದು ಡ್ಯಾಶ್‌ಬೋರ್ಡಿನತ್ತ ನೋಡಿ. ಎಂಜಿನ್ನಿನ ಚಿತ್ರವಿರುವ ಹಳದಿ ದೀಪ, ಎ.ಬಿ.ಎಸ್. ಎಂದು ಬರೆದ ದೀಪ, ಏರ್‌ಬ್ಯಾಗಿನ ದೀಪ ಎಲ್ಲವೂ ಒಮ್ಮೆಗೇ ಬೆಳಗುತ್ತವೆ. ಕೆಲವು ಸೆಕೆಂಡುಗಳಲ್ಲಿ ಒಂದೊಂದಾಗಿ ಆರುತ್ತವೆ. ಎಂಜಿನ್ ದೀಪ ಎಂಜಿನ್ ಚಾಲೂ ಆದ ಮೇಲೆ ಆರುತ್ತದೆ. ಎ.ಬಿ.ಎಸ್. ಇರುವ ಬೈಕುಗಳಲ್ಲಿ ಆ ದೀಪ ಆರುವುದು ಗಾಡಿ ಒಂದಷ್ಟು ಮುಂದೆ ಸಾಗಿದ ಮೇಲೆ.

ಇದು ಬರಿಯ ಅಲಂಕಾರವಲ್ಲ. ದೀಪ ಬೆಳಗುವುದು ‘ದೀಪ ಸರಿಯಾಗಿದೆ’ ಎಂದು ತೋರಿಸಲು. ಆರುವುದು ‘ಸ್ವಪರೀಕ್ಷೆ ಮುಗಿಯಿತು, ಪಾಸಾಗಿದ್ದೇನೆ’ ಎಂದು ತಿಳಿಸಲು. ಆ ನಡುವಿನ ಅವಧಿಯಲ್ಲಿ ಲೋಹದ ಪೆಟ್ಟಿಗೆಯೊಳಗೆ ಲಕ್ಷಾಂತರ ಪ್ರಶ್ನೋತ್ತರಗಳು ನಡೆದುಹೋಗಿರುತ್ತವೆ. ಅವುಗಳಲ್ಲಿ ಬಹುಪಾಲು ಪ್ರಶ್ನೆಗಳು ಒಂದೇ ವಿಷಯಕ್ಕೆ ಸಂಬಂಧಿಸಿದವು: ‘ನೀನು ನೆನಪಿಟ್ಟುಕೊಂಡದ್ದು ಸರಿಯಾಗಿಯೇ ಇದೆಯೆ?’

ಎಂಜಿನ್ನಿಗೇಕೆ ನೆನಪು?

ಹಿಂದಿನ ಎಂಜಿನ್ನುಗಳಿಗೆ ನೆನಪಿನ ಹಂಗಿರಲಿಲ್ಲ. ಕಾರ್ಬುರೇಟರ್ ಗಾಳಿಗೆ ಪೆಟ್ರೋಲ್ ಬೆರೆಸುತ್ತಿತ್ತು. ಕಿಡಿ ಹಾರಬೇಕಾದ ಹೊತ್ತನ್ನು ತಿರುಗುವ ಯಂತ್ರಭಾಗಗಳೇ ನಿರ್ಧರಿಸುತ್ತಿದ್ದವು. ಅಮೆರಿಕದಲ್ಲಿ ಹೊಗೆಯ ಮೇಲಿನ ಕಾನೂನು ಬಿಗಿಯಾದಾಗ ಈ ಅಂದಾಜಿನ ಲೆಕ್ಕ ಸಾಲದಾಯಿತು. ಜನರಲ್ ಮೋಟರ್ಸ್ ಕಂಪನಿ 1977ರ ಓಲ್ಡ್ಸ್‌ಮೊಬೈಲ್ ಟೊರೊನಾಡೊ ಕಾರಿನಲ್ಲಿ ಕಿಡಿಯ ಹೊತ್ತನ್ನು ನಿರ್ಧರಿಸಲು ಮೈಕ್ರೊಪ್ರಾಸೆಸರ್ ಬಳಸಿತು. 1978ರಲ್ಲಿ ಬಾಷ್ ಕಂಪನಿಯ ಎಲೆಕ್ಟ್ರಾನಿಕ್ ಎ.ಬಿ.ಎಸ್. ಮರ್ಸಿಡಿಸ್ ಕಾರಿಗೆ ಬಂತು. ಗಾಲಿ ಜಾರದಂತೆ ಬ್ರೇಕನ್ನು ಹಿಡಿದು ಬಿಡುವ ವ್ಯವಸ್ಥೆ ಅದು.

ಇಂದು ಸ್ಥಿತಿ ಪೂರ್ತಿ ಬದಲಾಗಿದೆ. ನಮ್ಮ ದೇಶದಲ್ಲಿ 2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್-6 ನಿಯಮ ಬಂದ ಮೇಲೆ ಸಂತೆಗೆ ಓಡಾಡುವ ನೂರು ಸಿ.ಸಿ. ಬೈಕಿನಲ್ಲೂ ಕಾರ್ಬುರೇಟರ್ ಹೋಗಿ ಗಣಕ ಬಂದು ಕೂತಿದೆ. ದೊಡ್ಡ ಕಾರುಗಳಲ್ಲಂತೂ ಎಂಜಿನ್ನಿಗೊಂದು, ಬ್ರೇಕಿಗೊಂದು, ಏರ್‌ಬ್ಯಾಗಿಗೊಂದು, ಸ್ಟಿಯರಿಂಗಿಗೊಂದು ಎಂದು ಹತ್ತಾರು ಗಣಕಗಳು. ಇವನ್ನು ಮೆಕ್ಯಾನಿಕ್‌ಗಳು ‘ಇ.ಸಿ.ಯು.’ ಎನ್ನುತ್ತಾರೆ.

ಇಂಥ ಗಣಕಕ್ಕೆ ಮೂರು ಬಗೆಯ ನೆನಪುಗಳಿವೆ. ಮೊದಲನೆಯದು ಕಲ್ಲಿನ ಮೇಲಿನ ಶಾಸನದಂಥದು. ಏನು ಮಾಡಬೇಕು, ಯಾವ ವೇಗಕ್ಕೆ ಎಷ್ಟು ಪೆಟ್ರೋಲ್ ಚಿಮ್ಮಿಸಬೇಕು ಎಂಬ ಆದೇಶಗಳನ್ನು ಕಾರ್ಖಾನೆಯಲ್ಲೇ ಅದರಲ್ಲಿ ಬರೆದಿರುತ್ತಾರೆ. ಇದು ರೋಮ್ (ಓದಲಷ್ಟೇ ಬರುವ ಮೆಮೊರಿ) ಎಂಬ ಹಳೆಯ ವರ್ಗಕ್ಕೆ ಸೇರಿದ್ದು. ಈಗ ಬಳಸುವುದು ಫ್ಲ್ಯಾಷ್ ಮೆಮೊರಿ. ಎರಡನೆಯದು ತರಗತಿಯ ಕರಿಹಲಗೆಯಂಥದು. ಆ ಕ್ಷಣದ ಲೆಕ್ಕವನ್ನು ಅಲ್ಲಿ ಬರೆಯುವುದು, ಅಳಿಸುವುದು, ಮತ್ತೆ ಬರೆಯುವುದು. ಕೆಲಸದ ಈ ಮೆಮೊರಿ ವಿದ್ಯುತ್ ಹೋದೊಡನೆ ಖಾಲಿ. ಮೂರನೆಯದು ದಿನಚರಿ ಪುಸ್ತಕ. ಓಡಿದ ಕಿಲೊಮೀಟರ್, ಕಂಡುಬಂದ ದೋಷ ಮುಂತಾದವನ್ನು ಬರೆದಿಡುವ, ವಿದ್ಯುತ್ ಹೋದರೂ ಅಳಿಯದ ಮೆಮೊರಿ ಇದು. ಶಾಸನ, ಹಲಗೆ, ದಿನಚರಿ. ಈ ಮೂರಕ್ಕೂ ಬೇರೆ ಬೇರೆ ಬಗೆಯ ಪರೀಕ್ಷೆ.

ಬಾನೆಟ್ಟಿನಡಿಯ ಬಾಳು

ಮನೆಯ ಕಂಪ್ಯೂಟರಿಗೆ ಮೇಜು, ಫ್ಯಾನು, ಯು.ಪಿ.ಎಸ್. ಎಲ್ಲ ಇವೆ. ಕಾರಿನ ಗಣಕದ ಬಾಳು ಹಾಗಲ್ಲ. ಎಂಜಿನ್ನಿನ ಬಳಿ ಬಳಸುವ ಚಿಪ್ಪುಗಳನ್ನು ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಿಂದ 125 ಡಿಗ್ರಿ ಸೆಲ್ಸಿಯಸ್ ಶಾಖದವರೆಗೆ ತಾಳುವಂತೆ ಪರೀಕ್ಷಿಸುತ್ತಾರೆ. ಜೊತೆಗೆ ಕುಲುಕಾಟ, ಧೂಳು, ತೇವ.

ಇವೆಲ್ಲಕ್ಕಿಂತ ದೊಡ್ಡ ಕಾಟ ವಿದ್ಯುತ್ತಿನದು. ಸ್ಟಾರ್ಟರ್ ಮೋಟರ್ ತಿರುಗುವಾಗ 12 ವೋಲ್ಟಿನ ಬ್ಯಾಟರಿ 7-8 ವೋಲ್ಟಿಗೂ ಕುಸಿಯಬಹುದು. ಇನ್ನೊಂದು ತುದಿಯಲ್ಲಿ, ಆಲ್ಟರ್ನೇಟರ್ ರಭಸದಿಂದ ಚಾರ್ಜ್ ಮಾಡುತ್ತಿರುವಾಗ ಬ್ಯಾಟರಿಯ ತಂತಿ ಕಳಚಿತೆನ್ನಿ, ಹೋಗಲು ದಾರಿಯಿಲ್ಲದ ವಿದ್ಯುತ್ತು ಕ್ಷಣಕಾಲ 80ರಿಂದ 100 ವೋಲ್ಟಿನವರೆಗೆ ಉಕ್ಕಬಲ್ಲುದು. ಪಕ್ಕದಲ್ಲೇ ಸಾವಿರಾರು ವೋಲ್ಟಿನ ಸ್ಪಾರ್ಕ್ ಪ್ಲಗ್ಗಿನ ಕಿಡಿ. ಇಷ್ಟರ ನಡುವೆ ಐದು ವೋಲ್ಟಿಗೋ ಅದಕ್ಕೂ ಕಡಿಮೆಗೋ ಕೆಲಸ ಮಾಡುವ ಚಿಪ್ಪು ತನ್ನ ಒಂದು, ಸೊನ್ನೆಗಳನ್ನು ಕಾಪಾಡಿಕೊಳ್ಳಬೇಕು. ಅಡ್ಡಲಾಗಿ ತಡೆಗೋಡೆಯಂಥ ರಕ್ಷಣಾ ಮಂಡಲಗಳಿರುವುದು ನಿಜ. ಆದರೂ ಒಮ್ಮೊಮ್ಮೆ ಒಂದು ಬಿಟ್ ಮಗುಚಿಕೊಳ್ಳುವುದುಂಟು.

ಕಾರಣ ಯಾವಾಗಲೂ ವಾಹನದ್ದೇ ಆಗಬೇಕಿಲ್ಲ. ಇಂಟೆಲ್ ಕಂಪನಿಯ ತಿಮೊತಿ ಮೇ ಮತ್ತು ಮರ್ರೆ ವುಡ್ಸ್ 1978ರಲ್ಲಿ ಒಂದು ವಿಚಿತ್ರವನ್ನು ಬಯಲಿಗಿಟ್ಟರು. ಚಿಪ್ಪಿನ ಹೊದಿಕೆಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿ ಬೆರೆತಿದ್ದ ಯುರೇನಿಯಂ, ಥೋರಿಯಂಗಳಿಂದ ಹೊಮ್ಮುವ ಆಲ್ಫಾ ಕಣಗಳೇ ಮೆಮೊರಿಯ ಬಿಟ್‌ಗಳನ್ನು ಬದಲಿಸುತ್ತಿದ್ದವು! ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳೂ ಇದೇ ಕೀಟಲೆ ಮಾಡಬಲ್ಲವು ಎಂಬುದೂ ಮುಂದೆ ತಿಳಿಯಿತು. ಇಲ್ಲಿ ಚಿಪ್ಪು ಕೆಡುವುದಿಲ್ಲ. ಬರೆದದ್ದು ಮಾತ್ರ ಬದಲಾಗುತ್ತದೆ. ಇವನ್ನು ಮೃದು ದೋಷಗಳೆನ್ನುತ್ತಾರೆ. ಸುಟ್ಟುಹೋದ ಕೋಶದಂಥವು ಗಟ್ಟಿ ದೋಷಗಳು. ಒಂದು ಬಿಟ್ ಹೆಚ್ಚುಕಡಿಮೆಯಾದರೆ ಏನಾಯಿತು ಎನ್ನಬೇಡಿ. 00000001 ಎಂಬ ದ್ವಿಮಾನ ಸಂಖ್ಯೆಯ ಎಡತುದಿಯ ಸೊನ್ನೆ ಒಂದಾಗಿಬಿಟ್ಟರೆ 1 ಎಂಬುದು 129 ಆಗುತ್ತದೆ!

ಕೋಣೆಗಳ ಕಾವಲುಗಾರ

ಕೆಲಸದ ಮೆಮೊರಿ ಸರಿಯಿದೆಯೆ ಎಂದು ತಿಳಿಯುವುದು ಹೇಗೆ? ಉದ್ದನೆಯ ಮೊಗಸಾಲೆಯ ಪಕ್ಕ ಸಾಲಾಗಿ ಕೋಣೆಗಳಿರುವ ಹಾಸ್ಟೆಲನ್ನು ಕಲ್ಪಿಸಿಕೊಳ್ಳಿ. ಪ್ರತಿ ಕೋಣೆಗೂ ಒಂದು ದೀಪ, ಒಂದು ಸ್ವಿಚ್ಚು. ದೀಪ ಉರಿದರೆ 1, ಆರಿದ್ದರೆ 0. ಎಲ್ಲ ಸ್ವಿಚ್ಚುಗಳನ್ನೂ ಒಬ್ಬ ಕಾವಲುಗಾರ ಪರೀಕ್ಷಿಸಬೇಕು.

ಮೊದಲು ಎಲ್ಲ ದೀಪಗಳನ್ನೂ ಆರಿಸುತ್ತಾನೆ. ಆಮೇಲೆ ಮೊದಲ ಕೋಣೆಯಿಂದ ಹೊರಟು, ಪ್ರತಿ ಕೋಣೆಯಲ್ಲೂ ‘ದೀಪ ಆರಿದೆಯೆ?’ ಎಂದು ನೋಡಿ, ಹಚ್ಚಿ ಮುಂದೆ ಹೋಗುತ್ತಾನೆ. ಕೊನೆ ಮುಟ್ಟಿದ ಮೇಲೆ ಮತ್ತೆ ಮೊದಲಿನಿಂದ ಹೊರಟು, ‘ಉರಿಯುತ್ತಿದೆಯೆ?’ ಎಂದು ನೋಡಿ, ಆರಿಸುತ್ತಾನೆ. ಬಳಿಕ ಇದೇ ಎರಡು ಸುತ್ತುಗಳನ್ನು ಕೊನೆಯ ಕೋಣೆಯಿಂದ ಹಿಂದಕ್ಕೆ ಬರುತ್ತ ಮಾಡುತ್ತಾನೆ. ಕಡೆಗೆ ಎಲ್ಲವೂ ಆರಿವೆಯೆ ಎಂದು ಒಂದು ನೋಟ.

ಹಿಂದಕ್ಕೇಕೆ ಬರಬೇಕೆಂದಿರಾ? ಅಲ್ಲೇ ಇರುವುದು ಜಾಣತನ. ತಂತಿ ಜೋಡಣೆಯ ದೋಷದಿಂದ 7ನೆಯ ಕೋಣೆಯ ಸ್ವಿಚ್ಚು ಒತ್ತಿದಾಗ 9ನೆಯ ಕೋಣೆಯ ದೀಪವೂ ಹತ್ತಿಕೊಳ್ಳುತ್ತದೆ ಎನ್ನಿ. ಮುಂದಕ್ಕೆ ಹೋಗುವ ಕಾವಲುಗಾರ 9ಕ್ಕೆ ಬಂದಾಗ ಆರಿರಬೇಕಾದ ದೀಪ ಉರಿಯುತ್ತಿರುವುದನ್ನು ಕಂಡು ಕಳ್ಳನನ್ನು ಹಿಡಿಯುತ್ತಾನೆ. ಆದರೆ ದೋಷ ತಿರುವುಮುರುವಾಗಿದ್ದು, 9ನೆಯದನ್ನು ಒತ್ತಿದಾಗ 7ನೆಯದು ಹತ್ತಿಕೊಂಡರೆ? ಆ ವೇಳೆಗೆ 7ನೆಯ ದೀಪವನ್ನು ಅವನೇ ಹಚ್ಚಿ ಬಂದಿರುತ್ತಾನೆ, ವ್ಯತ್ಯಾಸ ಕಾಣದು. ಹಿಂದಕ್ಕೆ ಬರುವ ಸುತ್ತಿನಲ್ಲಿ ಮಾತ್ರ ಅದು ಸಿಕ್ಕಿಬೀಳುತ್ತದೆ.

ಈ ವಿಧಾನಕ್ಕೆ ‘ಮಾರ್ಚ್ ಪರೀಕ್ಷೆ’ ಎಂದು ಹೆಸರು. ತಿಂಗಳ ಹೆಸರಲ್ಲ, ಸಿಪಾಯಿಗಳ ನಡಿಗೆಯ ಮಾರ್ಚ್! 1980ರ ದಶಕದ ಆರಂಭದಲ್ಲಿ ರೂಪುಗೊಂಡ ಇದರ ಒಂದು ಬಗೆಯನ್ನು ಮುಂದೆ ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದ ವಾನ್ ಡಿ ಗೂರ್ ಇನ್ನಷ್ಟು ಚುಟುಕುಗೊಳಿಸಿದರು. ಮೇಲೆ ಹೇಳಿದ ಸುತ್ತುಗಳನ್ನು ಲೆಕ್ಕ ಹಾಕಿ: ಕೋಣೆಯೊಂದಕ್ಕೆ ಒಟ್ಟು ಹತ್ತೇ ಕೆಲಸ.

ಹತ್ತರ ಬೆಲೆ ತಿಳಿಯಬೇಕಾದರೆ ಸ್ವಲ್ಪ ಗಣಿತ ಬೇಕು. 65,536 ಕೋಶಗಳ ಮೆಮೊರಿಗೆ ಮಾರ್ಚ್ ಪರೀಕ್ಷೆಯಲ್ಲಿ 6,55,360 ಕೆಲಸ. ಒಂದಕ್ಕೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ಹಿಡಿದರೂ ಮುಕ್ಕಾಲು ಸೆಕೆಂಡಿನೊಳಗೆ ಮುಗಿಯಿತು. ಪ್ರತಿ ಕೋಶವನ್ನು ಬದಲಿಸಿದಾಗಲೂ ಉಳಿದೆಲ್ಲ ಕೋಶಗಳನ್ನು ಹೋಗಿ ನೋಡುವ ಹಳೆಯ ವಿಧಾನದಲ್ಲಾದರೆ 65,536ನ್ನು ಅಷ್ಟರಿಂದಲೇ ಗುಣಿಸಬೇಕು. ಸುಮಾರು 429 ಕೋಟಿ ಕೆಲಸ. ಒಂದು ಗಂಟೆ ಹನ್ನೊಂದು ನಿಮಿಷ! ಶಾಲೆಗೆ ಹೊತ್ತಾಯಿತೆಂದು ಮಕ್ಕಳು ಹಿಂದಿನ ಸೀಟಿನಲ್ಲಿ ಕಾದಿರುವಾಗ ಯಾರಿಗೆ ಅಷ್ಟು ತಾಳ್ಮೆ?

ಇನ್ನೊಂದು ತೊಡಕಿದೆ. ಹೀಗೆ ಎಲ್ಲವನ್ನೂ ಅಳಿಸಿ ಬರೆಯುವ ಪರೀಕ್ಷೆಯನ್ನು ವಾಹನ ಓಡುವಾಗ ಮಾಡುವಂತಿಲ್ಲ. ಹಲಗೆಯ ಮೇಲೆ ನಡೆದಿರುವ ಲೆಕ್ಕವೇ ಅಳಿಸಿಹೋದೀತು. ಆದ್ದರಿಂದ ಪೂರ್ಣ ಪರೀಕ್ಷೆಯನ್ನು ಕೀಲಿ ತಿರುಗಿಸಿದಾಗ ಮಾಡುತ್ತಾರೆ, ಅಥವಾ ಕೀಲಿ ತೆಗೆದ ಮೇಲೆ ಗಣಕ ಕೆಲವು ಕ್ಷಣ ಎಚ್ಚರವಿದ್ದು ಮಾಡಿ ಮುಗಿಸುತ್ತದೆ. ಓಡುವಾಗ ಬೇಕಾದರೆ ಹಲಗೆಯ ಒಂದು ಮೂಲೆಯಲ್ಲಿರುವುದನ್ನು ಬೇರೆಡೆ ನಕಲು ಮಾಡಿ, ಆ ಮೂಲೆಯನ್ನು ಪರೀಕ್ಷಿಸಿ, ಇದ್ದದ್ದನ್ನು ಮರಳಿ ಬರೆಯುತ್ತದೆ. ಆಮೇಲೆ ಮುಂದಿನ ಮೂಲೆ.

ಶಾಸನದ ಮೊತ್ತ

ಬದಲಾಗಬಾರದ ಶಾಸನಕ್ಕೆ ಬೇರೆ ಉಪಾಯ. ಅದರಲ್ಲಿರುವ ಅಂಕಿಗಳನ್ನೆಲ್ಲ ಕೂಡಿ, ಮೊತ್ತವನ್ನು ಕೊನೆಯಲ್ಲಿ ಬರೆದಿಡುವುದು. ಗಣಕ ಮತ್ತೆ ಕೂಡಿ ನೋಡುತ್ತದೆ. ತಾಳೆಯಾದರೆ ಸರಿ. ಅಂಗಡಿಯ ಶೆಟ್ಟರು ರಾತ್ರಿ ಕದ ಹಾಕುವ ಮುನ್ನ ಗಲ್ಲಾ ಲೆಕ್ಕ ತಾಳೆ ನೋಡಿದಂತೆ.

ಆದರೆ ಬರಿಯ ಮೊತ್ತಕ್ಕೆ ಒಂದು ಕುರುಡು ಇದೆ. 58 ಎಂಬುದು 85 ಆದರೂ ಅಂಕಿಗಳ ಮೊತ್ತ 13ಕ್ಕೆ 13ಯೇ! ಆದ್ದರಿಂದ ಎಂಜಿನಿಯರುಗಳು ಕೂಡುವ ಬದಲು ಒಂದು ಬಗೆಯ ಭಾಗಾಕಾರ ಮಾಡಿ, ಉಳಿಯುವ ಶೇಷವನ್ನು ಬರೆದಿಡುತ್ತಾರೆ. ‘ಸಿ.ಆರ್.ಸಿ.’ ಎಂಬ ಈ ವಿಧಾನವನ್ನು 1961ರಲ್ಲಿ ಅಮೆರಿಕದ ಗಣಿತಜ್ಞ ವೆಸ್ಲಿ ಪೀಟರ್ಸನ್ ಮುಂದಿಟ್ಟರು. 32 ಬಿಟ್‌ಗಳ ಶೇಷ ಇಟ್ಟುಕೊಂಡರೆ, ಮನಬಂದಂತೆ ಕೆಟ್ಟುಹೋದ ಶಾಸನವೊಂದು ಕಣ್ತಪ್ಪಿಸಿ ಪಾಸಾಗುವ ಸಂಭವ ಸುಮಾರು 429 ಕೋಟಿಯಲ್ಲಿ ಒಂದು. ನಮ್ಮ ಆಧಾರ್ ಸಂಖ್ಯೆಯ ಕೊನೆಯ ಅಂಕಿಯೂ ಇಂಥದೇ ತಾಳೆಯ ಅಂಕಿ. ಹಿಂದಿನ ಹನ್ನೊಂದು ಅಂಕಿಗಳಿಂದ ಲೆಕ್ಕ ಹಾಕಿ ಬಂದದ್ದು.

ತಪ್ಪು ತಿದ್ದುವ ಜಾಣ್ಮೆ

ತಪ್ಪಾಗಿದೆ ಎಂದು ತಿಳಿದರೆ ಸಾಕೆ? ತಿದ್ದಬೇಡವೆ? ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರಿಚರ್ಡ್ ಹ್ಯಾಮಿಂಗ್ ಎಂಬ ಗಣಿತಜ್ಞರಿದ್ದರು. ವಾರಾಂತ್ಯದಲ್ಲಿ ಗಣಕಕ್ಕೆ ಲೆಕ್ಕ ಒಪ್ಪಿಸಿ ಹೋದರೆ, ಅದು ನಡುವೆ ತಪ್ಪು ಕಂಡೊಡನೆ ಇವರ ಕೆಲಸವನ್ನು ಅಲ್ಲಿಗೇ ಬಿಟ್ಟು ಮುಂದಿನದಕ್ಕೆ ಹೋಗಿರುತ್ತಿತ್ತು. ತಪ್ಪಾಗಿದೆ ಎಂದು ಯಂತ್ರಕ್ಕೆ ಗೊತ್ತಾಗುವುದಾದರೆ, ಎಲ್ಲಿ ತಪ್ಪಾಗಿದೆ ಎಂದೇಕೆ ಗೊತ್ತಾಗಬಾರದು ಎಂಬ ಸಿಟ್ಟಿನ ಪ್ರಶ್ನೆಯಿಂದ ಹುಟ್ಟಿದ್ದು ಅವರು 1950ರಲ್ಲಿ ಪ್ರಕಟಿಸಿದ ‘ಹ್ಯಾಮಿಂಗ್ ಸಂಕೇತ’. ನಾಲ್ಕು ಬಿಟ್‌ಗಳಿಗೆ ಮೂರು ಕಾವಲು ಬಿಟ್ ಸೇರಿಸಿದರೆ, ಏಳರಲ್ಲಿ ಯಾವ ಒಂದು ಕೆಟ್ಟರೂ ಅದನ್ನು ಗುರುತಿಸಿ ತಿದ್ದಬಹುದು. ಇದನ್ನೇ ಬೆಳೆಸಿ ಇಂದಿನ ವಾಹನ ಚಿಪ್ಪುಗಳಲ್ಲಿ ಬಳಸುತ್ತಾರೆ. ಒಂದು ಬಿಟ್ ಕೆಟ್ಟರೆ ತಿದ್ದುತ್ತದೆ. ಎರಡು ಕೆಟ್ಟರೆ ತಿದ್ದಲಾರದು, ಆದರೆ ಎಚ್ಚರಿಸುತ್ತದೆ.

ಇದರ ಒಳಗುಟ್ಟನ್ನು ಮನೆಯಲ್ಲೇ ಆಡಿ ನೋಡಬಹುದು. 25 ನಾಣ್ಯ ತನ್ನಿ. ಹದಿನಾರನ್ನು ನಾಲ್ಕು ಸಾಲು, ನಾಲ್ಕು ಕಂಬವಾಗಿ, ತಲೆಯೋ ಬಾಲವೋ ಮನಬಂದಂತೆ ಜೋಡಿಸಿ. ಈಗ ಪ್ರತಿ ಸಾಲಿನ ಕೊನೆಗೆ ಐದನೆಯ ನಾಣ್ಯವಿಡಿ. ಸಾಲಿನಲ್ಲಿ ತಲೆಗಳ ಸಂಖ್ಯೆ ಸಮವಾಗುವಂತಿರಲಿ. ಪ್ರತಿ ಕಂಬದ ಕೆಳಗೂ ಹಾಗೆಯೇ. ಮೂಲೆಯ ಕೊನೆಯ ನಾಣ್ಯವನ್ನೂ ಸಮ ಬರುವಂತೆ ಇಟ್ಟರೆ ಐದು ಸಾಲು, ಐದು ಕಂಬ ಸಿದ್ಧ. ನೀವು ಮುಖ ತಿರುಗಿಸಿಕೊಂಡಾಗ ತಮ್ಮನೋ ತಂಗಿಯೋ ಒಂದೇ ಒಂದು ನಾಣ್ಯ ಮಗುಚಲಿ. ತಲೆಗಳ ಸಂಖ್ಯೆ ಬೆಸವಾದ ಒಂದು ಸಾಲು, ಒಂದು ಕಂಬ ಹುಡುಕಿ. ಅವು ಕೂಡುವ ಜಾಗದಲ್ಲೇ ಮಗುಚಿದ ನಾಣ್ಯ! ಒಂದೇ ಸಾಲಿನಲ್ಲಿ ಎರಡು ಮಗುಚಿದರೆ ಏನಾಗುತ್ತದೆ? ಆಯತದ ನಾಲ್ಕು ಮೂಲೆಗಳಲ್ಲಿ ನಾಲ್ಕು ಮಗುಚಿದರೆ? ಮಾಡಿ ನೋಡಿ. ಯಾವ ಕಾವಲಿಗೂ ಒಂದು ಮಿತಿ ಇದೆ ಎಂಬುದು ಆಗ ಮನದಟ್ಟಾಗುತ್ತದೆ.

ಪರೀಕ್ಷಕನಿಗೂ ಪರೀಕ್ಷೆ

ಪರೀಕ್ಷೆ ಮಾಡುವ ಗಣಕಕ್ಕೇ ತಲೆ ಕೆಟ್ಟರೆ? ಅದಕ್ಕೆ ಹೊರಗಿನಿಂದ ಒಬ್ಬ ಕಾವಲುಗಾರ ಬೇಕು. ‘ವಾಚ್‌ಡಾಗ್’ ಎಂಬ ಪ್ರತ್ಯೇಕ ಮಂಡಲಕ್ಕೆ ಗಣಕ ನಿಗದಿತ ಸಮಯದೊಳಗೆ ‘ಇದ್ದೇನೆ’ ಎಂದು ಹಾಜರಿ ಹೇಳುತ್ತಲೇ ಇರಬೇಕು. ತಪ್ಪಿದರೆ ವಾಚ್‌ಡಾಗ್ ಅದನ್ನು ಮೊದಲಿನಿಂದ ಶುರುಮಾಡಿಸುತ್ತದೆ. ಬರಿಯ ಹಾಜರಿ ಸಾಲದೆಂದು ಕೆಲವು ವ್ಯವಸ್ಥೆಗಳಲ್ಲಿ ಒಂದು ಪುಟ್ಟ ಲೆಕ್ಕವನ್ನೂ ಕೊಡುತ್ತಾರೆ, ಉತ್ತರ ಸರಿಯಿರಬೇಕು.

ಬ್ರೇಕು, ಸ್ಟಿಯರಿಂಗಿನಂಥ ಕಡೆ ಒಂದೇ ಚಿಪ್ಪಿನಲ್ಲಿ ಎರಡು ಮಿದುಳುಗಳಿರುತ್ತವೆ. ಎರಡೂ ಅದೇ ಲೆಕ್ಕ ಮಾಡುತ್ತವೆ. ಉತ್ತರ ಬೇರೆಯಾದರೆ ಅಪಾಯದ ಗಂಟೆ. ಸ್ವಾರಸ್ಯವೆಂದರೆ ಎರಡನೆಯದು ಮೊದಲನೆಯದಕ್ಕಿಂತ ಒಂದೆರಡು ಮಿಡಿತ ಹಿಂದೆ ಓಡುವಂತೆ ಮಾಡಿರುತ್ತಾರೆ. ವಿದ್ಯುತ್ತಿನ ಒಂದೇ ಹೊಡೆತ ಇಬ್ಬರನ್ನೂ ಒಂದೇ ರೀತಿ ದಾರಿ ತಪ್ಪಿಸಬಾರದಲ್ಲ! ಇಂಥ ಎಚ್ಚರಿಕೆಗಳನ್ನೆಲ್ಲ ಒಟ್ಟುಗೂಡಿಸಿದ ಅಂತಾರಾಷ್ಟ್ರೀಯ ಮಾನಕ ಐ.ಎಸ್.ಒ. 26262 ಪ್ರಕಟವಾದದ್ದು 2011ರಲ್ಲಿ.

ಕಟಕಟೆ ಹತ್ತಿದ ಮೆಮೊರಿ

ಇವೆಲ್ಲ ಎಂಜಿನಿಯರುಗಳ ಅತಿ ಎಚ್ಚರವೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದಲ್ಲಿ ಟೊಯೊಟಾ ಕಾರುಗಳು ತಾವಾಗಿ ವೇಗ ಹೆಚ್ಚಿಸಿಕೊಳ್ಳುತ್ತವೆಂಬ ದೂರುಗಳು 2009-10ರಲ್ಲಿ ದೊಡ್ಡ ಗದ್ದಲವಾದವು. ಅಲ್ಲಿನ ಸರ್ಕಾರ ಬಾಹ್ಯಾಕಾಶ ಸಂಸ್ಥೆ ನಾಸಾದ ಎಂಜಿನಿಯರುಗಳ ನೆರವು ಪಡೆಯಿತು. ದೂರುಗಳಿಗೆ ಎಲೆಕ್ಟ್ರಾನಿಕ್ಸ್ ಕಾರಣವೆನ್ನಲು ಪುರಾವೆ ಸಿಕ್ಕಿಲ್ಲ ಎಂದು 2011ರ ಫೆಬ್ರವರಿಯಲ್ಲಿ ವರದಿ ಬಂತು. ಆದರೆ 2013ರ ಅಕ್ಟೋಬರಿನಲ್ಲಿ ಒಕ್ಲಹಾಮಾ ರಾಜ್ಯದ ನ್ಯಾಯಾಲಯದಲ್ಲಿ, 2007ರಲ್ಲಿ ಒಬ್ಬರ ಪ್ರಾಣ ತೆಗೆದ ಕ್ಯಾಮ್ರಿ ಕಾರಿನ ಅಪಘಾತದ ಮೊಕದ್ದಮೆ ನಡೆಯಿತು. ಆ 2005ರ ಕಾರಿನ ಮುಖ್ಯ ಮೆಮೊರಿಗೆ ತಪ್ಪು ಪತ್ತೆಹಚ್ಚುವ, ತಿದ್ದುವ ಯಂತ್ರವ್ಯವಸ್ಥೆಯೇ ಇರಲಿಲ್ಲವೆಂದೂ, ಒಂದು ಬಿಟ್ ಮಗುಚಿದರೂ ವೇಗ ನಿಯಂತ್ರಿಸುವ ಕಾರ್ಯಕ್ರಮ ನಿಂತುಹೋಗಬಹುದೆಂದೂ ತಂತ್ರಾಂಶ ಪರಿಣತ ಮೈಕೆಲ್ ಬಾರ್ ಸಾಕ್ಷ್ಯ ನುಡಿದರು. ಕಂಪನಿ ಇದನ್ನು ಒಪ್ಪಲಿಲ್ಲ. ಜ್ಯೂರಿ 30 ಲಕ್ಷ ಡಾಲರ್ ಪರಿಹಾರ ವಿಧಿಸಿತು. ಬಳಿಕ ಎರಡೂ ಕಡೆಯವರು ರಾಜಿಯಾದರು. ಆ ದಿನ ಆ ಕಾರಿನಲ್ಲಿ ನಿಜಕ್ಕೂ ಬಿಟ್ ಮಗುಚಿತ್ತೆ ಎಂಬುದನ್ನು ಯಾರೂ ಕಣ್ಣಾರೆ ಕಂಡಿಲ್ಲ. ಮೃದು ದೋಷದ ಗುಣವೇ ಅದು. ವಿದ್ಯುತ್ ಹೋದೊಡನೆ ಗುರುತೂ ಅಳಿದುಹೋಗುತ್ತದೆ. ಆದ್ದರಿಂದಲೇ ಅದು ಆಗುವ ಹೊತ್ತಿನಲ್ಲೇ ಹಿಡಿಯುವ ಕಾವಲು ಬೇಕು.

ಇನ್ನೊಂದು ಪ್ರಕರಣ ದಿನಚರಿ ಪುಸ್ತಕದ ಹಾಳೆ ಮುಗಿದ ಕತೆ. ಫ್ಲ್ಯಾಷ್ ಮೆಮೊರಿಯನ್ನು ಅಳಿಸಿ ಬರೆಯುವುದಕ್ಕೆ ಲೆಕ್ಕವಿದೆ. ಸ್ಲೇಟು ಉಜ್ಜಿ ಉಜ್ಜಿ ಸವೆದಂತೆ ಅದೂ ಸವೆಯುತ್ತದೆ. ಟೆಸ್ಲಾ ಕಂಪನಿಯ ಮಾಡೆಲ್ ಎಸ್, ಮಾಡೆಲ್ ಎಕ್ಸ್ ಕಾರುಗಳ 8 ಗಿಗಾಬೈಟ್ ಮೆಮೊರಿ ಸುಮಾರು 3,000 ಬಾರಿ ಅಳಿಸಿ ಬರೆದ ಮೇಲೆ, ಅಂದರೆ ಐದಾರು ವರ್ಷಗಳಲ್ಲಿ ಸವೆದು, ನಡುವಿನ ಪರದೆ ಕತ್ತಲಾಗುತ್ತಿತ್ತು. ಹಿಂದಕ್ಕೆ ಚಲಿಸುವಾಗ ನೋಡುವ ಕ್ಯಾಮೆರಾ ಕೂಡ ಅದರೊಂದಿಗೇ ಹೋಗುತ್ತಿತ್ತು. 2021ರಲ್ಲಿ ಕಂಪನಿ ಸುಮಾರು 1 ಲಕ್ಷ 35 ಸಾವಿರ ಕಾರುಗಳನ್ನು ವಾಪಸು ಕರೆಯಬೇಕಾಯಿತು.

ದೀಪ ಆರದಿದ್ದರೆ?

ಪರೀಕ್ಷೆಯಲ್ಲಿ ನಪಾಸಾದರೆ ಗಣಕ ಸುಮ್ಮನಿರುವುದಿಲ್ಲ. ಎಂಜಿನ್ ಗಣಕವಾದರೆ ಶಕ್ತಿ ತಗ್ಗಿಸಿ, ಹೇಗೋ ಮನೆಯೋ ಗ್ಯಾರೇಜೋ ಮುಟ್ಟುವಷ್ಟು ಓಡಲು ಬಿಡುತ್ತದೆ. ಎ.ಬಿ.ಎಸ್. ಗಣಕವಾದರೆ ತಾನು ಪಕ್ಕಕ್ಕೆ ಸರಿದು ಸಾದಾ ಬ್ರೇಕ್ ಉಳಿಸಿಕೊಡುತ್ತದೆ. ಜೊತೆಗೆ ದೀಪ ಹಚ್ಚಿ, ದೋಷದ ಸಂಕೇತವನ್ನು ದಿನಚರಿಯಲ್ಲಿ ಬರೆಯುತ್ತದೆ. ಪಿ0601 ಎಂದರೆ ಮೊತ್ತ ತಾಳೆಯಾಗಿಲ್ಲ. ಪಿ0604 ಎಂದರೆ ಕೆಲಸದ ಮೆಮೊರಿಯಲ್ಲಿ ದೋಷ. ಪಿ0605 ಎಂದರೆ ಶಾಸನದ ಮೆಮೊರಿಯಲ್ಲಿ ದೋಷ. ಪಿ0603 ಎಂದರೆ ಬ್ಯಾಟರಿಯ ಬಲದಿಂದ ಸದಾ ಎಚ್ಚರವಿರಬೇಕಾದ ಮೆಮೊರಿ ನಡುವೆ ನೆನಪು ಕಳೆದುಕೊಂಡಿದೆ.

ಈ ಕೊನೆಯದನ್ನು ಪಾಲಕರು ಗಮನಿಸಬೇಕು. ಸಾವಿರಾರು ರೂಪಾಯಿಯ ಗಣಕವನ್ನೇ ಬದಲಿಸಲು ಒಪ್ಪುವ ಮುನ್ನ ಬ್ಯಾಟರಿಯ ಟರ್ಮಿನಲ್ ಸಡಿಲವಾಗಿದೆಯೆ, ಬಿಳಿಪುಡಿ ಕಟ್ಟಿದೆಯೆ, ಅರ್ಥಿಂಗ್ ತಂತಿ ಗಟ್ಟಿಯಾಗಿದೆಯೆ ಎಂದು ನೋಡಿಸಿ. ಎಂಜಿನ್ ಓಡುವಾಗ ಬ್ಯಾಟರಿ ತಂತಿ ಕಳಚಿ ಆಲ್ಟರ್ನೇಟರ್ ಪರೀಕ್ಷಿಸುವ ಹಳೆಯ ಪದ್ಧತಿಗೆ ಅವಕಾಶ ಕೊಡಬೇಡಿ. ನೂರು ವೋಲ್ಟಿನ ಉಕ್ಕು ಹುಟ್ಟುವುದು ಆಗಲೇ. ಬಾಡಿಗೆ ವೆಲ್ಡಿಂಗ್ ಮಾಡಿಸುವಾಗ ಮೊದಲು ಬ್ಯಾಟರಿ ಬಿಡಿಸಿ. ಕೀಲಿ ತೆಗೆದ ಕೂಡಲೇ ಬ್ಯಾಟರಿ ಬಿಚ್ಚದೆ ಕೆಲವು ನಿಮಿಷ ಕಾಯಿರಿ. ಗಣಕ ತನ್ನ ದಿನಚರಿ ಬರೆದು ಮುಗಿಸಲಿ. ಹಳೆಯ ಕಾರು ಕೊಳ್ಳುವವರು ಕೀಲಿ ತಿರುಗಿಸಿದಾಗ ದೀಪ ಬೆಳಗುತ್ತದೆಯೆ ಎಂದೂ ನೋಡಬೇಕು. ಬೆಳಗದೇ ಇರುವ ದೀಪ ಆರದಿರುವ ದೀಪಕ್ಕಿಂತ ಅನುಮಾನಾಸ್ಪದ; ಯಾರೋ ಬಲ್ಬನ್ನೇ ತೆಗೆದಿರಬಹುದು. ದೋಷ ರಿಪೇರಿ ಮಾಡದೆ ಸಂಕೇತವನ್ನಷ್ಟೇ ಅಳಿಸಿ ಕೊಡುವವರೂ ಇದ್ದಾರೆ. ಅದು ಅಂಕಪಟ್ಟಿ ತಿದ್ದಿದಂತೆ, ವಿದ್ಯೆ ಬಂದಂತಲ್ಲ.

ವಿದ್ಯಾರ್ಥಿಗಳಿಗೆ ಇನ್ನೊಂದು ಮಾತು. ವಾಹನ ಎಂಜಿನಿಯರಿಂಗ್ ಎಂದರೆ ಗ್ರೀಸು, ಸ್ಪ್ಯಾನರು ಎಂಬ ಕಾಲ ಹೋಯಿತು. ಬೆಂಗಳೂರಿನ ಆಡುಗೋಡಿಯಲ್ಲಿ ಡೀಸೆಲ್ ಪಂಪು, ಸ್ಪಾರ್ಕ್ ಪ್ಲಗ್ಗುಗಳಿಗೆ ಹೆಸರಾಗಿದ್ದ ಮೈಕೋ 2008ರಲ್ಲಿ ಬಾಷ್ ಎಂಬ ಹೆಸರು ತಳೆಯಿತು. ಇಂದು ಅದೇ ಸಮೂಹದ ಕಚೇರಿಗಳಲ್ಲಿ, ನಗರದ ಬೇರೆ ಹಲವು ಕಂಪನಿಗಳಲ್ಲಿ ಸಾವಿರಾರು ಎಂಜಿನಿಯರುಗಳು ಜಗತ್ತಿನ ವಾಹನಗಳಿಗೆ ತಂತ್ರಾಂಶ ಬರೆಯುತ್ತಿದ್ದಾರೆ. ಅವರ ಕೆಲಸದ ಬೇರು ಇರುವುದು ನೀವು ಶಾಲೆಯಲ್ಲಿ ಬೇಸರದಿಂದ ಕಲಿತ ಶೇಷ, ಸಮ-ಬೆಸ, ದ್ವಿಮಾನ ಪದ್ಧತಿಯಲ್ಲೇ. ಐ.ಟಿ.ಐ., ಡಿಪ್ಲೊಮಾ ಓದುವವರಿಗೂ ದೋಷ ಸಂಕೇತ ಓದಿ, ತಂತಿಯ ಜಾಡು ಹಿಡಿದು ಹೋಗಬಲ್ಲ ಕೈಗೆ ಕೆಲಸ ತಪ್ಪುವುದಿಲ್ಲ.

ಗಣಕ ತಪ್ಪೇ ಮಾಡದೆಂದು ಅದನ್ನು ಕಟ್ಟಿದವರು ನಂಬಿಲ್ಲ. ತಪ್ಪು ಆಗಿಯೇ ಆಗುತ್ತದೆ ಎಂದು ಮೊದಲೇ ಒಪ್ಪಿಕೊಂಡು, ಆದಾಗ ಯಾರು ಹಿಡಿಯಬೇಕು, ಹಿಡಿದ ಮೇಲೆ ಏನು ಮಾಡಬೇಕು ಎಂದು ಕುಳಿತು ಯೋಚಿಸಿದ್ದಾರೆ. ನಾಳೆ ಬೆಳಿಗ್ಗೆ ಕೀಲಿ ತಿರುಗಿಸಿದಾಗ ಆ ಎರಡು ಸೆಕೆಂಡು ದೀಪಗಳನ್ನು ನೋಡಲು ಬಿಡುವು ಮಾಡಿಕೊಳ್ಳಿ. ಫಲಿತಾಂಶ ಪ್ರಕಟವಾಗುವುದು ಅಲ್ಲೇ.